ಹೆಲ್ಪ್‌ಮೇಟ್‌ನಲ್ಲಿ ಹಿಂದಿನ ನಡೆ ಹುಡುಕುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಚೆಸ್‌ನ ಹೆಲ್ಪ್‌ಮೇಟ್ ಸಮಸ್ಯೆ ಬಿಡಿಸುವವರಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮೇಟ್ ಸರಿಯಾಗಿರುತ್ತದೆ. ನಡೆಗಳ ಎಣಿಕೆಯೂ ಸರಿ. ಆದರೆ ನಡುವೆ ಒಂದು ಕ್ಯಾಸಲಿಂಗ್ (ಇನ್ನೂ ಅಲುಗದ ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು) ಇರುತ್ತದೆ, ಅದನ್ನು ಮಾಡುವ ಹಕ್ಕೇ ಬಿಳಿಗೆ ಇರುವುದಿಲ್ಲ. ಕೆಲವೊಮ್ಮೆ ಇದರ ಉಲ್ಟಾ ಆಗುತ್ತದೆ. ಎನ್ ಪಾಸಾಂ (ಈಗಷ್ಟೇ ಎರಡು ಮನೆ ಜಿಗಿದು ಪಕ್ಕಕ್ಕೆ ಬಂದ ಪಾನನ್ನು, ಅಂದರೆ ಕಾಲಾಳನ್ನು, ಅದು ದಾಟಿದ ಮನೆಗೆ ನಮ್ಮ ಪಾನ್ ಹೋಗಿ ಹೊಡೆಯುವುದು) ಒಂದೇ ದಾರಿ, ಅದು ಕಣ್ಣಿಗೇ ಬೀಳುವುದಿಲ್ಲ, 'ಸಮಸ್ಯೆಯೇ ತಪ್ಪು' ಅಂತ ಕೈಬಿಡುತ್ತಾರೆ. ಎರಡಕ್ಕೂ ಕಾರಣ ಒಂದೇ. ಮುಂದಿನ ನಡೆಯ ಆತುರದಲ್ಲಿ ಹಿಂದಿನ ನಡೆ ಯಾವುದು ಅಂತ ಯಾರೂ ಕೇಳುವುದಿಲ್ಲ.

ಹೆಲ್ಪ್‌ಮೇಟ್‌ನ ನಿಯಮ ಗೊತ್ತಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಎರಡೂ ಕಡೆಯವರು ಕೈಜೋಡಿಸಿ ಕಪ್ಪು ರಾಜನಿಗೆ ಮೇಟ್ ಮಾಡಬೇಕು. ಮೊದಲ ನಡೆ ಕಪ್ಪಿನದು. '2 ನಡೆಯ ಹೆಲ್ಪ್‌ಮೇಟ್' ಅಂದರೆ ಕಪ್ಪು, ಬಿಳಿ, ಕಪ್ಪು, ಬಿಳಿ, ಅಲ್ಲಿಗೆ ಮೇಟ್.

## ಕೈಗೆ ಬೇಕಾದ್ದು

ಒಂದು ನಿಜವಾದ ಬೋರ್ಡ್, ಪೂರ್ತಿ 32 ಕಾಯಿ, ಒಂದು ಕಾಗದ, ಒಂದು ಪೆನ್ಸಿಲ್. ಫೋನ್ ಪರದೆಯ ಮೇಲೆ ಈ ಕೆಲಸ ಮಾಡಬೇಡಿ. ಹಿಂದಕ್ಕೆ ನಡೆಸುವಾಗ ಹೊಡೆದ ಕಾಯಿಯನ್ನು ಮತ್ತೆ ಬೋರ್ಡ್ ಮೇಲೆ ಇಡಬೇಕಾಗುತ್ತದೆ, ಅದು ಕೈಯಲ್ಲಿ ಮಾಡುವಷ್ಟು ಸಲೀಸಾಗಿ ಪರದೆಯಲ್ಲಿ ಆಗುವುದಿಲ್ಲ.

ಸಮಸ್ಯೆಯಲ್ಲಿ ಇಲ್ಲದ ಕಾಯಿಗಳನ್ನು ಡಬ್ಬಿಗೆ ಹಾಕಿ ಮುಚ್ಚಬೇಡಿ. ಬೋರ್ಡ್ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿ. ಏನೇನು ಕಾಣೆಯಾಗಿದೆ ಅನ್ನುವುದು ಈ ಆಟದ ಅರ್ಧ ಸುಳಿವು.

ಮನೆಗಳ ಹೆಸರು ಎಂದಿನಂತೆ ಎ1ರಿಂದ ಎಚ್8ರವರೆಗೆ. ಬಿಳಿಯ ಪಾನ್‌ಗಳು ಶುರುವಿನಲ್ಲಿ 2ನೇ ಸಾಲಿನಲ್ಲಿ ಇರುತ್ತವೆ.

## ಹಂತ 1: ಕೊನೆಗೆ ನಡೆದವರು ಯಾರು?

ಈಗ ಕಪ್ಪಿನ ಸರದಿ ಅಂದರೆ ಈಗಷ್ಟೇ ನಡೆದಿದ್ದು ಬಿಳಿ. ಇಷ್ಟು ಸುಲಭ. ಆದರೂ ತಪ್ಪುವುದು ಇಲ್ಲೇ. ಮಾಮೂಲಿ 'ಬಿಳಿ ಆಡಿ 2 ನಡೆಯಲ್ಲಿ ಮೇಟ್' ಸಮಸ್ಯೆಗಳಿಗೆ ಒಗ್ಗಿದ ಕಣ್ಣು, ಕೊನೆಗೆ ನಡೆದಿದ್ದು ಕಪ್ಪು ಅಂತ ಸುಮ್ನೆ ಅಂದುಕೊಂಡುಬಿಡುತ್ತದೆ.

ಕಾಗದದ ಮೇಲೆ ಮೊದಲ ಸಾಲಾಗಿ ಬರೆಯಿರಿ: 'ಕೊನೆಯ ನಡೆ: ಬಿಳಿ'. ಸಮಸ್ಯೆಯ ಕೆಳಗೆ ಎರಡೂವರೆ, ಮೂರೂವರೆ ಅನ್ನುವ ಥರ ಅರ್ಧ ನಡೆ ಕಂಡರೆ ಬಿಳಿ ಶುರು ಮಾಡುತ್ತದೆ. ಆಗ 'ಕೊನೆಯ ನಡೆ: ಕಪ್ಪು'.

## ಹಂತ 2: ಕೊನೆಯ ನಡೆಯ ಪಟ್ಟಿ ಮಾಡಿ

ಈಗ ಬಿಳಿಯ ಒಂದೊಂದೇ ಕಾಯಿಯನ್ನು ಮುಟ್ಟಿ ಕೇಳಿ, 'ನೀನು ಈ ಮನೆಗೆ ಎಲ್ಲಿಂದ ಬಂದಿರಬಹುದು?' ಒಂದು ಕಾಯಿಯನ್ನೂ ಬಿಡಬೇಡಿ. ಹಿಂದಕ್ಕೆ ನಡೆಸಲು ಕೆಲವು ನಿಯಮ ನೆನಪಿರಬೇಕು.

ಬಂದ ಮನೆ ಈಗ ಖಾಲಿ ಇರಬೇಕು. ಅಲ್ಲಿ ಬೇರೆ ಕಾಯಿ ನಿಂತಿದ್ದರೆ ಅಲ್ಲಿಂದ ಈಗಷ್ಟೇ ಬಂದಿರಲು ಸಾಧ್ಯವಿಲ್ಲ.

ಬಿಳಿ ಕಾಯಿಯನ್ನು ಹಿಂದಕ್ಕೆ ಇಟ್ಟಮೇಲೆ ಕಪ್ಪು ರಾಜನಿಗೆ ಚೆಕ್ ಇರಬಾರದು. ಬಿಳಿಯ ಸರದಿ ಬಂದಾಗ ಕಪ್ಪು ರಾಜ ಆಗಲೇ ಚೆಕ್‌ನಲ್ಲಿ ನಿಂತಿದ್ದರೆ ಆ ಆಟವೇ ನಡೆದಿರಲಿಕ್ಕಿಲ್ಲ, ಅಲ್ವಾ? ನೂರಕ್ಕೆ ಎಂಬತ್ತು ಸಲ ಬೀಗ ತೆರೆಯುವುದು ಈ ನಿಯಮವೇ.

ಬಿಳಿ ರಾಜನಿಗೆ ಆಗ ಚೆಕ್ ಇದ್ದರೆ ತೊಂದರೆಯಿಲ್ಲ. ಆದರೆ ಆ ಚೆಕ್ ಕೊಟ್ಟ ಕಪ್ಪು ಕಾಯಿ ಎಲ್ಲಿಂದ ಬಂತು ಅನ್ನುವುದಕ್ಕೂ ಉತ್ತರ ಇರಬೇಕು. ಉತ್ತರ ಇಲ್ಲದ ಚೆಕ್ ಆದರೆ ಆ ದಾರಿ ಬಂದ್.

ಪಾನ್ ನೇರವಾಗಿ ಬಂದಿರಬಹುದು, ಓರೆಯಾಗಿ ಹೊಡೆದು ಬಂದಿರಬಹುದು. ಎರಡನೆಯದನ್ನು ಮರೆಯುವವರು ಜಾಸ್ತಿ. 2ನೇ ಸಾಲಿನಲ್ಲಿರುವ ಬಿಳಿ ಪಾನ್ ಮಾತ್ರ ಇನ್ನೂ ಅಲುಗಿಲ್ಲ, ಅದನ್ನು ಪಟ್ಟಿಯಿಂದ ತೆಗೆದುಬಿಡಿ.

## ಹಂತ 3: ಕ್ಯಾಸಲಿಂಗ್ ಹಕ್ಕು ಪರೀಕ್ಷಿಸಿ

ವಿಶ್ವ ಚೆಸ್ ಕಾಂಪೊಸಿಷನ್ ಒಕ್ಕೂಟದ ಕೋಡೆಕ್ಸ್ (ಸಮಸ್ಯೆಗಳ ನಿಯಮಾವಳಿ) ಪ್ರಕಾರ, ಆಗುವುದಿಲ್ಲ ಅಂತ ಸಾಬೀತಾಗುವವರೆಗೆ ಕ್ಯಾಸಲಿಂಗ್ ಮಾಡಬಹುದು. ರಾಜ ಮತ್ತು ಆನೆ ತಮ್ಮ ತಮ್ಮ ಮನೆಯಲ್ಲಿದ್ದರೆ ಹಕ್ಕು ಇದೆ ಅಂತಲೇ ಶುರು ಮಾಡಬೇಕು. ಆಮೇಲೆ ಅದನ್ನು ಮುರಿಯಲು ನೋಡಬೇಕು.

ಈ ಸ್ಥಾನ ಜೋಡಿಸಿ. ಇದು ಸ್ಪರ್ಧೆಗೆ ಕಳಿಸುವಂಥದ್ದಲ್ಲ, ಅಭ್ಯಾಸಕ್ಕೆ ನಾನೇ ಮಾಡಿಕೊಂಡಿದ್ದು.

ಬಿಳಿ: ರಾಜ ಇ1, ಆನೆ ಎಚ್1, ಪಾನ್ ಎ2.
ಕಪ್ಪು: ರಾಜ ಜಿ3, ಕುದುರೆ ಎಫ್6, ಪಾನ್ ಎಚ್4.
2 ನಡೆಯ ಹೆಲ್ಪ್‌ಮೇಟ್.

ಸ್ವಲ್ಪ ನೋಡಿದರೆ ಚಂದದ ದಾರಿ ಸಿಗುತ್ತದೆ. ಕಪ್ಪು ಕುದುರೆ ಜಿ4ಕ್ಕೆ. ಬಿಳಿ ಎಚ್ ಕಡೆಗೆ ಕ್ಯಾಸಲಿಂಗ್, ರಾಜ ಜಿ1, ಆನೆ ಎಫ್1. ಕಪ್ಪು ರಾಜ ಎಚ್3ಕ್ಕೆ. ಬಿಳಿ ಆನೆ ಎಫ್3ಕ್ಕೆ, ಮೇಟ್. ಜಿ2, ಎಚ್2 ಮನೆಗಳನ್ನು ಬಿಳಿ ರಾಜ ಕಾಯುತ್ತಾನೆ, ಜಿ3 ಆನೆಯ ಕೈಯಲ್ಲಿದೆ, ಜಿ4 ಮತ್ತು ಎಚ್4ರಲ್ಲಿ ಕಪ್ಪಿನವೇ ಕಾಯಿಗಳು ಅಡ್ಡ ನಿಂತಿವೆ. ಮೇಟ್‌ನಲ್ಲಿ ಒಂದು ಕುಂದೂ ಇಲ್ಲ.

ಆದರೆ ಉತ್ತರ ತಪ್ಪು. ಹಂತ 2ರ ಪಟ್ಟಿ ಮಾಡಿ ನೋಡಿ. ಬಿಳಿಗೆ ಇರುವುದು ಮೂರೇ ಕಾಯಿ. ಎ2 ಪಾನ್ ಅಲುಗಿಲ್ಲ. ಹಾಗಾದರೆ ಈಗಷ್ಟೇ ನಡೆದಿದ್ದು ರಾಜ ಅಥವಾ ಆನೆ, ಎರಡರಲ್ಲಿ ಒಂದು. ಯಾವುದು ಅಂತ ತಿಳಿಯುವ ಅಗತ್ಯವೂ ಇಲ್ಲ. ಯಾವುದು ನಡೆದಿದ್ದರೂ ಹಕ್ಕು ಹೋಯಿತು. ಕ್ಯಾಸಲಿಂಗ್ ಇಲ್ಲದೆ ಇಲ್ಲಿ 2 ನಡೆಯಲ್ಲಿ ಮೇಟ್ ಆಗುವುದಿಲ್ಲ.

ಈಗ ಎ2 ಪಾನನ್ನು ಎತ್ತಿ ಎ3ರಲ್ಲಿ ಇಡಿ. ಬೇರೇನೂ ಬದಲಿಸಬೇಡಿ. ಕೊನೆಯ ನಡೆ ಎ2ರಿಂದ ಎ3 ಆಗಿರಬಹುದು. ರಾಜ, ಆನೆ ಅಲುಗಿವೆ ಅಂತ ಸಾಬೀತು ಮಾಡಲು ಇನ್ನು ಆಗುವುದಿಲ್ಲ. ಹಕ್ಕು ವಾಪಸ್ ಬಂತು, ಮೇಲಿನ ಉತ್ತರವೇ ಸರಿಯಾಯಿತು. ಮೂಲೆಯಲ್ಲಿ ಕೆಲಸವಿಲ್ಲದೆ ನಿಂತ ಪಾನ್ ಒಂದು ಮನೆ ಮುಂದೆ ಬಂದಿದ್ದಕ್ಕೆ ಇಡೀ ಸಮಸ್ಯೆ ಬದಲಾಯಿತು. ಇದನ್ನು ಎರಡು ಮೂರು ಸಲ ಬೋರ್ಡ್ ಮೇಲೆ ಮಾಡಿ ನೋಡಿ, ಉಳಿದ ಹಂತಗಳು ಹಗುರಾಗುತ್ತವೆ.

ಕಪ್ಪಿನ ಕ್ಯಾಸಲಿಂಗ್ ಪರೀಕ್ಷಿಸುವಾಗ ಒಂದು ಗುಂಡಿ ಇದೆ. ಕಪ್ಪಿನ ಕೊನೆಯ ನಡೆ ಬಿಳಿಯ ಕೊನೆಯ ನಡೆಗಿಂತ ಒಂದು ಹೆಜ್ಜೆ ಹಿಂದೆ ಇದೆ. 'ಕಪ್ಪಿಗೆ ರಾಜ, ಆನೆ ಮತ್ತು ಅಲುಗದ ಪಾನ್‌ಗಳು ಮಾತ್ರ ಇವೆ, ಹಾಗಾಗಿ ಹಕ್ಕಿಲ್ಲ' ಅಂತ ಬರೆದುಬಿಡುತ್ತಾರೆ. ತಡೆಯಿರಿ. ಕಪ್ಪು ನಡೆಸಿದ ಕಾಯಿಯನ್ನೇ ಬಿಳಿ ಆಮೇಲೆ ಹೊಡೆದಿರಬಹುದು. ಆ ಕಾಯಿ ಈಗ ಬೋರ್ಡ್ ಮೇಲೆ ಇಲ್ಲ, ಪಕ್ಕದ ಸಾಲಿನಲ್ಲಿ ಇದೆ. ಬಿಳಿಯ ಕೊನೆಯ ನಡೆ ಹೊಡೆತವಾಗಿರಲಿಲ್ಲ ಅಂತ ಮೊದಲು ತೋರಿಸಿ, ಆಮೇಲೆ ಕಪ್ಪಿನ ಹಕ್ಕು ತೆಗೆಯಿರಿ.

## ಹಂತ 4: ಎನ್ ಪಾಸಾಂ ಇದೆಯೇ ನೋಡಿ

ಇಲ್ಲಿ ನಿಯಮ ತಿರುಗುಮುರುಗು. ಮೊದಲ ನಡೆಯಾಗಿ ಎನ್ ಪಾಸಾಂ ಹೊಡೆಯಬೇಕಾದರೆ, ಎದುರಿನ ಪಾನ್ ಈಗಷ್ಟೇ ಎರಡು ಮನೆ ದಾಟಿ ಬಂದಿದೆ ಅಂತ ಸಾಬೀತು ಮಾಡಬೇಕು. 'ಆಗಿರಬಹುದು' ಸಾಲದು, 'ಬೇರೆ ಏನೂ ಆಗಿರಲು ಸಾಧ್ಯವಿಲ್ಲ' ಬೇಕು. ಕ್ಯಾಸಲಿಂಗ್‌ಗೆ ಒಂದು ಅನುಮಾನ ಉಳಿದರೂ ಸಾಕು, ಎನ್ ಪಾಸಾಂಗೆ ಒಂದೂ ಉಳಿಯಬಾರದು. ಈ ವ್ಯತ್ಯಾಸವನ್ನು ಕಾಗದದ ಮೂಲೆಯಲ್ಲಿ ದಪ್ಪಗೆ ಬರೆದುಕೊಳ್ಳಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎರಡನೆಯ ದೊಡ್ಡ ತಪ್ಪು.

ಇನ್ನೊಂದು ಸ್ಥಾನ. ಇಲ್ಲಿ ಮೇಟ್ ಹುಡುಕಬೇಡಿ. ಪ್ರಶ್ನೆ ಒಂದೇ: ಕಪ್ಪು ಎಚ್4 ಪಾನ್ ಈಗ ಎನ್ ಪಾಸಾಂ ಆಗಿ ಜಿ3ಕ್ಕೆ ಹೊಡೆಯಬಹುದೇ?

ಬಿಳಿ: ರಾಜ ಎಚ್1, ಕುದುರೆ ಜಿ1, ಪಾನ್‌ಗಳು ಎಚ್2 ಮತ್ತು ಜಿ4.
ಕಪ್ಪು: ರಾಜ ಎಫ್4, ಪಾನ್‌ಗಳು ಎಫ್3, ಎಚ್3, ಎಚ್4.
ಕಪ್ಪಿನ ಸರದಿ.

ಬಿಳಿಯ ಕಾಯಿಗಳನ್ನು ಒಂದೊಂದಾಗಿ ಮುಟ್ಟೋಣ.

ಎಚ್2 ಪಾನ್ ಅಲುಗಿಲ್ಲ.

ಕುದುರೆ ಜಿ1ಕ್ಕೆ ಬರುವ ಮನೆಗಳು ಮೂರು: ಇ2, ಎಫ್3, ಎಚ್3. ಎಫ್3 ಮತ್ತು ಎಚ್3ರಲ್ಲಿ ಕಪ್ಪು ಪಾನ್‌ಗಳಿವೆ. ಇ2 ಖಾಲಿ ಇದೆ, ಇಲ್ಲೇ ಜಾರುವುದು. ಕುದುರೆಯನ್ನು ಇ2ರಲ್ಲಿ ಇಟ್ಟು ನೋಡಿ. ಅದು ಎಫ್4ರ ಕಪ್ಪು ರಾಜನಿಗೆ ಚೆಕ್ ಕೊಡುತ್ತಿದೆ. ಬಿಳಿಯ ಸರದಿಯಲ್ಲಿ ಕಪ್ಪು ರಾಜ ಚೆಕ್‌ನಲ್ಲಿ ಇರುವಂತಿಲ್ಲ. ಆದ್ದರಿಂದ ಕುದುರೆ ನಡೆದಿಲ್ಲ.

ರಾಜ ಎಚ್1ಕ್ಕೆ ಜಿ1, ಎಚ್2 ಅಥವಾ ಜಿ2ರಿಂದ ಬರಬೇಕು. ಮೊದಲೆರಡರಲ್ಲಿ ಕಾಯಿಗಳಿವೆ. ಜಿ2? ಅಲ್ಲಿ ರಾಜ ನಿಂತಿದ್ದರೆ ಎಫ್3 ಪಾನ್‌ನಿಂದಲೂ ಎಚ್3 ಪಾನ್‌ನಿಂದಲೂ ಚೆಕ್. ಒಂದೇ ನಡೆಯಲ್ಲಿ ಎರಡು ಪಾನ್‌ಗಳು ಒಟ್ಟಿಗೆ ಚೆಕ್ ಕೊಡಲು ಆಗುವುದಿಲ್ಲ. ಪಾನ್ ತಾನೇ ನಡೆದು ಚೆಕ್ ಕೊಡಬೇಕು. ಆನೆ, ಒಂಟೆಯ ಹಾಗೆ ಅಡ್ಡ ಇದ್ದ ಕಾಯಿ ಸರಿದಾಗ ಅದರ ಚೆಕ್ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ರಾಜನೂ ನಡೆದಿಲ್ಲ.

ಉಳಿದಿದ್ದು ಜಿ4 ಪಾನ್. ಎಫ್3 ಅಥವಾ ಎಚ್3ರಿಂದ ಹೊಡೆದು ಬಂದಿರಲು ಆಗದು, ಎರಡರಲ್ಲೂ ಕಪ್ಪು ಪಾನ್‌ಗಳಿವೆ. ಜಿ3ರಿಂದ ಒಂದು ಮನೆ ಬಂದಿರಬಹುದೇ? ಜಿ3ರಲ್ಲಿದ್ದ ಬಿಳಿ ಪಾನ್ ಎಫ್4ರ ರಾಜನಿಗೆ ಚೆಕ್ ಕೊಡುತ್ತಿತ್ತು. ಮತ್ತೆ ಅದೇ ಕಾರಣ, ಆ ದಾರಿಯೂ ಬಂದ್. ಇನ್ನುಳಿದಿದ್ದು ಜಿ2ರಿಂದ ಜಿ4 ಒಂದೇ. ಹೌದು, ಎಚ್4 ಪಾನ್ ಎನ್ ಪಾಸಾಂ ಹೊಡೆಯಬಹುದು.

ಗಮನಿಸಿ, ಕಪ್ಪು ರಾಜ ಎಫ್4ರಲ್ಲಿ ನಿಂತಿದ್ದರಿಂದಲೇ ಎರಡು ದಾರಿ ಮುಚ್ಚಿದವು. ಇಂಥ ಸಮಸ್ಯೆಗಳಲ್ಲಿ ಹೊಡೆಸಿಕೊಳ್ಳುವ ಪಾನ್‌ನ ಪಕ್ಕದ ಮನೆಯಲ್ಲೇ ರಾಜ ನಿಂತಿದ್ದರೆ ಅದು ಆಕಸ್ಮಿಕ ಅಂದುಕೊಳ್ಳಬೇಡಿ.

ಈಗ ಜಿ4 ಪಾನನ್ನು ಜಿ2ಕ್ಕೆ ವಾಪಸ್ ಇಟ್ಟು ಮತ್ತೆ ಪಟ್ಟಿ ಮಾಡಿ. ಎರಡೂ ಪಾನ್ ಅಲುಗಿಲ್ಲ, ಕುದುರೆಗೆ ಬಂದ ಮನೆಯಿಲ್ಲ, ರಾಜನಿಗೂ ಇಲ್ಲ. ಬಿಳಿಗೆ ಕೊನೆಯ ನಡೆಯೇ ಸಿಗುವುದಿಲ್ಲ. ಅಂದರೆ ಈಗ ಕಪ್ಪಿನ ಸರದಿಯಾಗಿರಲು ಸಾಧ್ಯವೇ ಇಲ್ಲ. ಇಂಥ ಕಡೆ, ಹೆಲ್ಪ್‌ಮೇಟ್ ಆದರೂ ಬಿಳಿಯೇ ಶುರು ಮಾಡಬೇಕು. ಪಟ್ಟಿ ಪೂರ್ತಿ ಖಾಲಿಯಾದರೆ ಗಾಬರಿ ಬೇಡ, ಒಮ್ಮೆ ಮತ್ತೆ ಪರೀಕ್ಷಿಸಿ, ಆಮೇಲೆ ಸರದಿ ಬದಲಿಸಿ.

## ಹಂತ 5: ಹೊಡೆತದ ಲೆಕ್ಕ

ಕೆಲವು ಸಮಸ್ಯೆಗಳಲ್ಲಿ ಪಟ್ಟಿ ಬೇಗ ಚಿಕ್ಕದಾಗುವುದಿಲ್ಲ. 'ರಾಜ ಯಾವುದೋ ಕಾಯಿ ಹೊಡೆದು ಇಲ್ಲಿಗೆ ಬಂದ' ಅನ್ನುವ ಸಾಧ್ಯತೆ ಉಳಿದುಬಿಡುತ್ತದೆ. ಪಕ್ಕದಲ್ಲಿ ನಿಲ್ಲಿಸಿದ ಕಾಯಿಗಳು ಈಗ ಉಪಯೋಗಕ್ಕೆ ಬರುತ್ತವೆ.

ಕಪ್ಪಿಗೆ 14 ಕಾಯಿ ಉಳಿದಿವೆ ಅಂದುಕೊಳ್ಳಿ. ಹೋಗಿದ್ದು 2. ಬಿಳಿ ಪಾನ್‌ಗಳು ಸಿ2 ಮತ್ತು ಸಿ3 ಎರಡರಲ್ಲೂ ಇವೆ, ಬಿ ಸಾಲಿನಲ್ಲಿ ಇಲ್ಲ. ಪಾನ್ ಪಕ್ಕದ ಸಾಲಿಗೆ ಹೋಗಬೇಕಾದರೆ ಹೊಡೆಯಲೇಬೇಕು. ಹಾಗಾಗಿ ಒಂದು ಹೊಡೆತ ಸಿ3ರಲ್ಲಿ ಆಗಿದೆ. ಇನ್ನೊಂದು ಕಾಣೆಯಾದ ಕಾಯಿ ಸಿ8ರ ಒಂಟೆ, ಆದರೆ ಬಿ7 ಮತ್ತು ಡಿ7ರಲ್ಲಿ ಕಪ್ಪು ಪಾನ್‌ಗಳು ಅಲುಗದೆ ನಿಂತಿವೆ. ಆ ಒಂಟೆ ಮನೆ ಬಿಟ್ಟು ಹೊರಗೇ ಬಂದಿಲ್ಲ, ಸಿ8ರಲ್ಲೇ ಸತ್ತಿದೆ. ಎರಡೂ ಲೆಕ್ಕ ಮುಗಿಯಿತು. ಬಿಳಿಯ ಕೊನೆಯ ನಡೆ ಹೊಡೆತವಾಗಿದ್ದರೆ ಅದು ಸಿ3ರಲ್ಲಿ ಅಥವಾ ಸಿ8ರಲ್ಲಿ ಆಗಿರಬೇಕು. ಬೇರೆಲ್ಲೋ ಹೊಡೆದು ಬಂದ ಅನ್ನುವ ನೆಪ ನಡೆಯುವುದಿಲ್ಲ.

ಒಂಟೆಯ ಬಣ್ಣವನ್ನೂ ನೋಡಿ. ಬಿಳಿ ಮನೆಯ ಒಂಟೆಯನ್ನು ಕಪ್ಪು ಮನೆಯಲ್ಲಿ ಹೊಡೆಯಲು ಆಗದು. ಪಾನ್ ಕೊನೆ ಸಾಲಿಗೆ ಹೋಗಿ ಬೇರೆ ಕಾಯಿ ಆಗಿರಬಹುದು ಅನ್ನುವುದನ್ನೂ ಮರೆಯಬಾರದು. ಎ ಸಾಲಿನ ಕಪ್ಪು ಪಾನ್ ಕಾಣೆಯಾಗಿದ್ದರೆ ಪಕ್ಕದ ಬಿ ಸಾಲಿನಲ್ಲಿ ಬಿಳಿ ಪಾನ್ ಅದನ್ನು ಹೊಡೆಯಲು ಅದು ತಾನೇ ಅಲ್ಲಿಗೆ ಬರಲಾರದು. ಒಂದೋ ಅದು ಹೊಡೆದು ದಾಟಿರಬೇಕು, ಇಲ್ಲ ಬೇರೆ ಕಾಯಿ ಆಗಿ ವಾಪಸ್ ಬಂದಿರಬೇಕು.

ಈ ಹಂತದಲ್ಲಿ ಒಂದು ಸಲಹೆ. ಹೊಡೆತದ ಲೆಕ್ಕ ಮನಸ್ಸಿನಲ್ಲಿ ಮಾಡಬೇಡಿ. ನಾನು ಎಷ್ಟೋ ಸಂಜೆ ಹಾಗೆ ಮಾಡಿ, ಒಂದು ಕಾಯಿಯನ್ನು ಎರಡು ಸಲ ಸಾಯಿಸಿ, ರಾತ್ರಿ ಊಟಕ್ಕೆ ಕೂತಾಗ ಅದು ಹೊಳೆದು ತಲೆ ಚಚ್ಚಿಕೊಂಡಿದ್ದೇನೆ.

## ಹಂತ 6: ಹಕ್ಕುಗಳು ಒಂದಕ್ಕೊಂದು ಗಂಟು ಬಿದ್ದಾಗ

ಬಿಳಿ ರಾಜ ಇ1ರಲ್ಲಿ, ಆನೆಗಳು ಎ1 ಮತ್ತು ಎಚ್1ರಲ್ಲಿ, ಉಳಿದ ಪಾನ್‌ಗಳೆಲ್ಲ 2ನೇ ಸಾಲಿನಲ್ಲಿ ಇವೆ ಅನ್ನಿ. ಕೊನೆಗೆ ನಡೆದಿದ್ದು ಎ1 ಆನೆ ಆಗಿದ್ದರೆ ಎಚ್ ಕಡೆಯ ಕ್ಯಾಸಲಿಂಗ್ ಉಳಿದಿದೆ. ಎಚ್1 ಆನೆ ಆಗಿದ್ದರೆ ಎ ಕಡೆಯದು ಉಳಿದಿದೆ. ಎರಡೂ ಒಟ್ಟಿಗೆ ಉಳಿದಿರಲು ಸಾಧ್ಯವಿಲ್ಲ. ಆದರೆ ಯಾವುದನ್ನೂ ಒಂಟಿಯಾಗಿ ತೆಗೆದುಹಾಕಲೂ ಆಗುವುದಿಲ್ಲ.

ಇಂಥಲ್ಲಿ ಕೋಡೆಕ್ಸ್ ಹೇಳುವ ಮೊದಲ ದಾರಿ, ಭಾಗ ಮಾಡಿ ಬಿಡಿಸುವುದು. 'ಹಿಂದೆ ಹೀಗಾಗಿದ್ದರೆ' ಒಂದು ಉತ್ತರ, 'ಹಾಗಾಗಿದ್ದರೆ' ಇನ್ನೊಂದು ಉತ್ತರ. ಎರಡೂ ಸೇರಿದರೆ ಪೂರ್ತಿ ಉತ್ತರ. ಒಂದೇ ಬರೆದು ನಿಲ್ಲಿಸಿದರೆ ಅರ್ಧ ಅಂಕ ಹೋಗುತ್ತದೆ. ಕ್ಯಾಸಲಿಂಗ್ ಹಕ್ಕುಗಳ ಗಂಟು ಹೀಗೆ ಬಿಡಿಸಿಕೊಳ್ಳದಿದ್ದರೆ ಎರಡನೆಯ ದಾರಿ: ಯಾವ ಕ್ಯಾಸಲಿಂಗ್ ಮೊದಲು ಆಗುತ್ತದೋ ಅದು ಸರಿ, ಅದರಿಂದ ಇನ್ನೊಂದರ ಹಕ್ಕು ಬಿದ್ದುಹೋಗುತ್ತದೆ. ಮೂರನೆಯ ಬಗೆಯೂ ಇದೆ. ಮೊದಲು ಎನ್ ಪಾಸಾಂ ಹೊಡೆದು, ಅದು ಸರಿಯಿತ್ತು ಅಂತ ಆಮೇಲಿನ ಕ್ಯಾಸಲಿಂಗ್‌ನಿಂದ ಸಮರ್ಥಿಸುವುದು. ಸಮಸ್ಯೆಯ ಕೆಳಗೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಇದನ್ನು ಬಳಸಿ. ಹೊಸಬರು ಇದನ್ನು ಸದ್ಯಕ್ಕೆ ಬದಿಗಿಟ್ಟರೆ ನಷ್ಟವಿಲ್ಲ.

## ಹಂತ 7: ಈಗ ಮೇಟ್ ಹುಡುಕಿ

ಇಷ್ಟಾದ ಮೇಲೆ ಕಾಗದದಲ್ಲಿ ಮೂರು ಸಾಲು ಇರಬೇಕು: ಯಾರ ಸರದಿ, ಯಾವ ಕ್ಯಾಸಲಿಂಗ್ ಇದೆ, ಎನ್ ಪಾಸಾಂ ಇದೆಯೇ. ಆಮೇಲೆ ಹುಡುಕಾಟ ಮಾಮೂಲಿಯೇ. ಕೊನೆಯ ಮೇಟ್ ಚಿತ್ರ ಮೊದಲು ಕಲ್ಪಿಸಿಕೊಳ್ಳಿ, ಕಪ್ಪು ರಾಜ ಓಡುವ ಮನೆಗಳನ್ನು ಎಣಿಸಿ, ಯಾವುದಕ್ಕೆ ಕಪ್ಪಿನದೇ ಕಾಯಿ ಅಡ್ಡ ನಿಲ್ಲಬೇಕು ನೋಡಿ. ಹಕ್ಕು ಇದೆ ಅಂತಾದರೆ ಅದನ್ನು ಬಳಸುವ ಚಿತ್ರದಿಂದಲೇ ಶುರು ಮಾಡಿ. ಸಮಸ್ಯೆ ಮಾಡಿದವರು ಅಷ್ಟು ಕಷ್ಟಪಟ್ಟು ಹಕ್ಕು ಉಳಿಸಿದ್ದು ಸುಮ್ನೆ ಅಲ್ಲ.

## ಹಿಂದೆ ನೋಡಲೇಬೇಕು ಅನ್ನುವ ಗುರುತುಗಳು

ಎಲ್ಲ ಹೆಲ್ಪ್‌ಮೇಟ್‌ಗೂ ಇಷ್ಟು ದುಡಿಯಬೇಕಿಲ್ಲ. ರಾಜ ಇ1ರಲ್ಲಿ, ಆನೆ ಮೂಲೆಯಲ್ಲಿ ಇದ್ದು, ಬಿಳಿಗೆ ಬೇರೆ ಕಾಯಿಗಳು ತೀರಾ ಕಡಿಮೆ ಇದ್ದರೆ ಹಂತ 3 ಬಿಡಬೇಡಿ. ಬಿಳಿ ಪಾನ್ 4ನೇ ಸಾಲಿನಲ್ಲಿ, ಪಕ್ಕದಲ್ಲೇ ಕಪ್ಪು ಪಾನ್, ಬಿಳಿ ಪಾನ್‌ನ ಹಿಂದಿನ ಎರಡು ಮನೆ ಖಾಲಿ ಇದ್ದರೆ ಹಂತ 4. ಮೇಟ್‌ಗೆ ಸಂಬಂಧವೇ ಇಲ್ಲದ ಕಾಯಿಗಳ ಗುಂಪೊಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದರೆ ಅನುಮಾನಪಡಿ, ಅವು ಕೊನೆಯ ನಡೆಯನ್ನು ಮುಚ್ಚಲು ನಿಂತಿರುತ್ತವೆ. ಕಪ್ಪು ರಾಜ ಶುರುವಿನಲ್ಲೇ ಚೆಕ್‌ನಲ್ಲಿದ್ದರೆ ಖುಷಿಪಡಿ, ಆ ಚೆಕ್ ಎಲ್ಲಿಂದ ಬಂತು ಅಂತ ಕೇಳಿದರೆ ಪಟ್ಟಿ ಒಂದೆರಡು ನಡೆಗೆ ಇಳಿಯುತ್ತದೆ. ಎರಡು ಉತ್ತರ ಸಿಕ್ಕಿ, ಸಮಸ್ಯೆಯಲ್ಲಿ ಒಂದೇ ಅಂತ ಹೇಳಿದ್ದರೆ, ಒಂದರಲ್ಲಿ ಹಕ್ಕಿಲ್ಲದ ನಡೆ ಇದೆಯೇ ಅಂತ ಮೊದಲು ನೋಡಿ.

## ಕಂಪ್ಯೂಟರ್‌ನ ಮಾತು ಎಷ್ಟು ನಂಬಬೇಕು

ಸ್ಟಾಕ್‌ಫಿಶ್ ಅನ್ನುವ ಚೆಸ್ ಆಡುವ ಪ್ರೋಗ್ರಾಂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಎರಡೂ ಕಡೆ ಗೆಲ್ಲಲು ಆಡುತ್ತದೆ, ಹೆಲ್ಪ್‌ಮೇಟ್‌ನಲ್ಲಿ ಕಪ್ಪು ಸಾಯಲು ಸಹಾಯ ಮಾಡಬೇಕು. ಪಾಪಾಯ್ ಅನ್ನುವ ಉಚಿತ ಪ್ರೋಗ್ರಾಂ ಹೆಲ್ಪ್‌ಮೇಟ್ ಬಿಡಿಸುತ್ತದೆ. ಆದರೆ ರಾಜ, ಆನೆ ತಮ್ಮ ಮನೆಯಲ್ಲಿದ್ದರೆ ಅದು ಕ್ಯಾಸಲಿಂಗ್ ಮಾಡಿಬಿಡುತ್ತದೆ, ಮೊದಲ ನಡೆಯ ಎನ್ ಪಾಸಾಂ ನೀವು ಹೇಳದಿದ್ದರೆ ನೋಡುವುದೇ ಇಲ್ಲ. ಹಂತ 3ರ ಎ2 ಪಾನ್ ಸ್ಥಾನ ಕೊಟ್ಟರೆ ಅದು ತಪ್ಪು ಉತ್ತರವನ್ನೇ ಧೈರ್ಯವಾಗಿ ಕೊಡುತ್ತದೆ. ಲಿಚೆಸ್ ಜಾಲತಾಣದ ಬೋರ್ಡ್ ಎಡಿಟರ್‌ನಲ್ಲೂ ಕ್ಯಾಸಲಿಂಗ್ ಹಕ್ಕಿನ ಟಿಕ್ ನೀವೇ ಹಾಕಬೇಕು, ನೀವೇ ತೆಗೆಯಬೇಕು. ಹಿಂದಿನ ನಡೆ ಯೋಚಿಸುವುದು ನಿಮ್ಮ ಕೆಲಸ, ಮೇಟ್ ಸರಿಯಿದೆಯೇ ಅಂತ ನೋಡುವುದಕ್ಕೆ ಮಾತ್ರ ಕಂಪ್ಯೂಟರನ್ನು ಇಟ್ಟುಕೊಳ್ಳಿ.

## ಮನೆಗೆಲಸ

ಹಂತ 4ರ ಸ್ಥಾನವನ್ನು ಮತ್ತೆ ಜೋಡಿಸಿ, ಜಿ4 ಪಾನ್ ಜಿ4ರಲ್ಲೇ ಇರಲಿ. ಈಗ ಎಚ್3ರ ಕಪ್ಪು ಪಾನ್ ಒಂದನ್ನೇ ಎತ್ತಿಬಿಡಿ. ಎನ್ ಪಾಸಾಂ ಇನ್ನೂ ಹೊಡೆಯಬಹುದೇ? ಉತ್ತರ ಓದುವ ಮೊದಲು ಪಟ್ಟಿ ಮಾಡಿ.

ಹೊಡೆಯುವಂತಿಲ್ಲ. ಕುದುರೆ ಎಚ್3ರಿಂದ ಬಂದಿರಲಾರದು, ಅಲ್ಲಿಂದಲೂ ಎಫ್4ಕ್ಕೆ ಚೆಕ್ ಇರುತ್ತದೆ. ಆದರೆ ಬಿಳಿ ಪಾನ್ ಎಚ್3ರಿಂದ ಜಿ4ಕ್ಕೆ ಹೊಡೆದು ಬಂದಿರಬಹುದು. ಅದೂ ಅಲ್ಲದೆ ಜಿ2ರಲ್ಲಿದ್ದ ರಾಜನಿಗೆ ಈಗ ಒಂದೇ ಪಾನ್‌ನ ಚೆಕ್. ಆ ಕಪ್ಪು ಪಾನ್ ಇ4ರಿಂದ ಎಫ್3ಕ್ಕೆ ಹೊಡೆದು ಚೆಕ್ ಕೊಟ್ಟಿರಬಹುದು, ರಾಜ ಎಚ್1ಕ್ಕೆ ಸರಿದಿರಬಹುದು. ಎರಡು ಅನುಮಾನ ಉಳಿದವು, ಎನ್ ಪಾಸಾಂಗೆ ಒಂದೂ ಉಳಿಯಬಾರದಿತ್ತು.